ಅಡಿಕೆಗೆ ಹೋದ ಮಾನ: ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಅಪಕೀರ್ತಿಯ ಇತಿಹಾಸ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಕನ್ನಡಿಗರ ನಾಲಗೆಯಲ್ಲಿ ಬಹುಕಾಲದಿಂದ ನೆಲೆಸಿದೆ. ಅಲ್ಪವಾದ ತಪ್ಪಿಗೆ ಕಳೆದುಕೊಂಡ ಗೌರವವನ್ನು ಎಷ್ಟು ದೊಡ್ಡ ಬೆಲೆ ತೆತ್ತರೂ ಮರಳಿ ಪಡೆಯಲಾಗದು ಎಂಬುದು ಅದರ ತಾತ್ಪರ್ಯ. ಗಾದೆ ಹೇಳುವುದು ವ್ಯಕ್ತಿಯ ಮಾನದ ವಿಚಾರವನ್ನು. ಅಲ್ಲಿ ಅಡಿಕೆ ಕದ್ದವನೂ ಆನೆ ಕೊಡಬೇಕಾದವನೂ ಒಬ್ಬನೇ. ಆದರೆ ಒಂದು ಸಂಸ್ಥೆಯ, ಒಂದು ಊರಿನ, ಒಂದು ಜನಸಮುದಾಯದ ಮಾನದ ಪ್ರಶ್ನೆ ಬಂದಾಗ ಲೆಕ್ಕ ಬೇರೆಯಾಗುತ್ತದೆ. ಕದ್ದವನು ಒಬ್ಬನಾದರೆ ತೆರಬೇಕಾದವನು ಇನ್ನೊಬ್ಬ. ಎಷ್ಟೋ ವೇಳೆ, ಕಳವು ನಡೆದಾಗ ಇನ್ನೂ ಹುಟ್ಟಿಯೇ ಇರದವನು. ಈ ವಿಚಿತ್ರ ಲೆಕ್ಕವನ್ನು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಕಳೆದ ಐವತ್ತು ವರ್ಷಗಳ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ.

ಆಟದ ನೆಪದಲ್ಲಿ ನಡೆಯುವ ಗಲಭೆಗೆ ಇಂಗ್ಲಿಷರು ಇಟ್ಟ ಹೆಸರು ಹೂಲಿಗನಿಸಂ. ಹೂಲಿಗನ್ ಎಂಬ ಪದ 1898ರ ಬೇಸಿಗೆಯಲ್ಲಿ ಲಂಡನ್ನಿನ ಪತ್ರಿಕೆಗಳಲ್ಲಿ, ನ್ಯಾಯಾಲಯದ ವರದಿಗಳ ನಡುವೆ ದಿಢೀರನೆ ಕಾಣಿಸಿಕೊಂಡಿತು. ದಕ್ಷಿಣ ಲಂಡನ್ನಿನಲ್ಲಿದ್ದ ಐರಿಷ್ ಮನೆತನವೊಂದರ ಹೆಸರಿನಿಂದ ಅದು ಬಂದಿತೆಂಬ ಕಥೆಯುಂಟು. ನಿಘಂಟುಕಾರರಲ್ಲಿ ಆ ಬಗ್ಗೆ ಒಮ್ಮತವಿಲ್ಲ. ಕಥೆ ನಿಜವೇ ಆಗಿದ್ದರೆ, ಈ ಪದದ ಹುಟ್ಟಿನಲ್ಲಿಯೇ ಈ ವಿಷಯದ ತಿರುಳು ಅಡಗಿದೆ ಎನ್ನಬೇಕು. ಯಾರೋ ಕೆಲವರು ಮಾಡಿದ ಪುಂಡಾಟಕ್ಕೆ ಒಂದಿಡೀ ಮನೆತನದ ಹೆಸರು ಶಾಶ್ವತವಾಗಿ ಅಂಟಿಕೊಂಡಂತಾಯಿತು.

ಪದಕ್ಕಿಂತ ಪ್ರವೃತ್ತಿ ಹಳೆಯದು. 1314ರಲ್ಲಿಯೇ ಲಂಡನ್ನಿನ ಮೇಯರನು ದೊರೆ ಎರಡನೆಯ ಎಡ್ವರ್ಡನ ಹೆಸರಿನಲ್ಲಿ ಆಜ್ಞೆ ಹೊರಡಿಸಿ, ನಗರದಲ್ಲಿ ಕಾಲ್ಚೆಂಡಾಟವನ್ನು ಅದು ಎಬ್ಬಿಸುವ ಗದ್ದಲದ ಕಾರಣಕ್ಕಾಗಿ ನಿಷೇಧಿಸಿದ್ದನು. 1885ರಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ಮತ್ತು ಆಸ್ಟನ್ ವಿಲ್ಲಾ ತಂಡಗಳ ನಡುವಣ ಸ್ನೇಹಪಂದ್ಯವೊಂದು ಮುಗಿದೊಡನೆ ಜನರು ಆಟಗಾರರ ಮೇಲೆ ಕಲ್ಲು ತೂರಿದ್ದರು. ಆದರೂ ಅಂದಿನ ಗಲಭೆ ಆಟದ ಕಾವಿನಲ್ಲಿ ಹುಟ್ಟಿ ಅಲ್ಲಿಯೇ ತಣಿಯುವಂಥದು. 1960ರ ದಶಕದ ನಂತರ ಕಂಡದ್ದು ಬೇರೆಯದೇ ಬಗೆ. ಪರವೂರಿನ ಪಂದ್ಯಗಳಿಗೆ ವಿಶೇಷ ರೈಲುಗಳಲ್ಲಿ ಸಾವಿರಾರು ತರುಣರು ಹೋಗತೊಡಗಿದರು; ಗೋಲುಕಂಬಗಳ ಹಿಂದಿನ ನಿಲುಗಟ್ಟೆಗಳು ಒಂದೊಂದು ಗುಂಪಿನ ಕೋಟೆಗಳಾದವು; ಎದುರಾಳಿಯ ಕೋಟೆಯನ್ನು ಹಿಡಿಯುವುದೇ ಒಂದು ಆಟವಾಯಿತು. ಈ ಗುಂಪುಗಳು ತಮ್ಮನ್ನು ಫರ್ಮ್ ಎಂದು ಕರೆದುಕೊಂಡವು. ವೆಸ್ಟ್ ಹ್ಯಾಮ್ ಯುನೈಟೆಡ್ ಬೆಂಬಲಿಗರ ಗುಂಪೊಂದು ತಾನು ಪ್ರಯಾಣಿಸುತ್ತಿದ್ದ ರೈಲಿನ ಹೆಸರನ್ನೇ ಧರಿಸಿ ಇಂಟರ್ ಸಿಟಿ ಫರ್ಮ್ ಆಯಿತು. ಪೆಟ್ಟು ತಿಂದವರ ಬಳಿ ಅದರ ಸದಸ್ಯರು ಅಚ್ಚುಹಾಕಿಸಿದ ಚೀಟಿಯನ್ನು ಬಿಟ್ಟು ಹೋಗುತ್ತಿದ್ದರು.

ವಿದ್ವಾಂಸರು ಇದಕ್ಕೆ ಹಲವು ಕಾರಣಗಳನ್ನು ಹುಡುಕಿದರು. ದುಡಿಯುವ ವರ್ಗದವರ ಕೈಯಲ್ಲಿದ್ದ ಆಟ ವ್ಯಾಪಾರವಾಗಿ ಬದಲಾದುದಕ್ಕೆ ತೋರಿದ ಪ್ರತಿರೋಧವಿದು ಎಂದು ಇಯಾನ್ ಟೇಲರ್ ಬರೆದರು. ಹೊರಗಿನವರಿಗೆ ಅರಾಜಕವಾಗಿ ಕಾಣುವ ಈ ವರ್ತನೆಗೆ ತನ್ನದೇ ಆದ ಕಟ್ಟುಕಟ್ಟಳೆಗಳಿವೆ ಎಂದು ಆಕ್ಸ್‌ಫರ್ಡಿನ ಪೀಟರ್ ಮಾರ್ಷ್ ಮತ್ತು ಸಂಗಡಿಗರು 1978ರಲ್ಲಿ ವಾದಿಸಿದರು. ನಾರ್ಬರ್ಟ್ ಎಲಿಯಾಸರ ಚಿಂತನೆಯ ಜಾಡಿನಲ್ಲಿ ಸಾಗಿದ ಎರಿಕ್ ಡನ್ನಿಂಗ್ ಮೊದಲಾದ ಲೆಸ್ಟರಿನ ಸಮಾಜಶಾಸ್ತ್ರಜ್ಞರು, ಗಂಡಸುತನದ ಒರಟು ಪ್ರದರ್ಶನವೇ ಮಾನವೆಂದು ತಿಳಿದ ಸಮುದಾಯಗಳಲ್ಲಿ ಇದರ ಬೇರನ್ನು ಕಂಡರು. ಕಾರಣದ ಚರ್ಚೆ ಇಂದಿಗೂ ಮುಗಿದಿಲ್ಲ. ಪರಿಣಾಮದ ಬಗ್ಗೆ ಮಾತ್ರ ಅಷ್ಟು ಸಂದೇಹವಿಲ್ಲ. ಹೊಡೆದವನು ಜನಜಂಗುಳಿಯಲ್ಲಿ ಕರಗಿಹೋದನು. ಉಳಿದದ್ದು ಅವನ ಕೊರಳಿನಲ್ಲಿದ್ದ ಶಾಲಿನ ಬಣ್ಣ. ಆ ಬಣ್ಣ ಕ್ಲಬ್ಬಿನದಾಗಿತ್ತು.

1974ರ ಮೇ 29ರಂದು ಹಾಲೆಂಡಿನ ರೋಟರ್‌ಡ್ಯಾಮಿನಲ್ಲಿ ಯುಇಎಫ್‌ಎ ಕಪ್ಪಿನ ಅಂತಿಮ ಪಂದ್ಯ ನಡೆಯುತ್ತಿದ್ದಾಗ ಟಾಟನ್‌ಹ್ಯಾಮ್ ಬೆಂಬಲಿಗರು ದೊಂಬಿಗಿಳಿದರು. ತಂಡದ ಮ್ಯಾನೇಜರ್ ಬಿಲ್ ನಿಕೋಲ್ಸನ್ ಧ್ವನಿವರ್ಧಕದ ಮುಂದೆ ನಿಂತು, ತನಗೆ ನಾಚಿಕೆಯಾಗುತ್ತಿದೆಯೆಂದು ಅವರನ್ನು ಬೇಡಿಕೊಳ್ಳಬೇಕಾಯಿತು. ಆ ಕ್ಲಬ್ಬನ್ನು ಕಟ್ಟಿ ಬೆಳೆಸಿದ ಆ ಹಿರಿಯರು ಅದೇ ವರ್ಷ ಹುದ್ದೆಯಿಂದ ನಿರ್ಗಮಿಸಿದರು. ಮರುವರ್ಷ ಪ್ಯಾರಿಸಿನಲ್ಲಿ ಯುರೋಪಿಯನ್ ಕಪ್ ಫೈನಲ್ ಸೋತ ಲೀಡ್ಸ್ ಯುನೈಟೆಡ್ ಬೆಂಬಲಿಗರು ಕುರ್ಚಿಗಳನ್ನು ಕಿತ್ತೆಸೆದರು. ಕ್ಲಬ್ಬಿಗೆ ಯುರೋಪಿನ ಸ್ಪರ್ಧೆಗಳಿಂದ ನಾಲ್ಕು ವರ್ಷ ನಿಷೇಧ ಬಿದ್ದು, ಮೇಲ್ಮನವಿಯಲ್ಲಿ ಎರಡಕ್ಕೆ ಇಳಿಯಿತು. 1977ರಲ್ಲಿ ಫ್ರಾನ್ಸಿನ ಸೇಂಟ್ ಎಟಿಯೆನ್‌ನಲ್ಲಿ ನಡೆದ ಗಲಭೆಯಿಂದಾಗಿ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ತವರಿನ ಪಂದ್ಯವನ್ನು ದೂರದ ಪ್ಲಿಮತ್ತಿನಲ್ಲಿ ಆಡಬೇಕಾಯಿತು. 1980ರಲ್ಲಿ ಸ್ಪೇನಿನ ಕಾಸ್ಟಿಯಾ ತಂಡದೊಡನೆ ವೆಸ್ಟ್ ಹ್ಯಾಮ್ ಆಡಿದ ಮರುಪಂದ್ಯ ಮುಚ್ಚಿದ ಬಾಗಿಲುಗಳ ಹಿಂದೆ ನಡೆಯಿತು. ಅಂದು ಕ್ರೀಡಾಂಗಣದಲ್ಲಿದ್ದವರ ದಾಖಲಾದ ಸಂಖ್ಯೆ 262. ಆಟಗಾರರ ಕೂಗು ಖಾಲಿ ಗ್ಯಾಲರಿಗಳಿಗೆ ಬಡಿದು ಹಿಂದಿರುಗುತ್ತಿದ್ದ ಆ ಸಂಜೆ, ದೊಂಬಿ ಮಾಡದ ಸಾವಿರಾರು ಬೆಂಬಲಿಗರು ಮನೆಯಲ್ಲಿ ಕುಳಿತಿದ್ದರು.

ಅಪಕೀರ್ತಿ ಎಂದೊಡನೆ ಇಂಗ್ಲೆಂಡಿನಲ್ಲಿ ಮೊದಲು ನೆನಪಾಗುವ ಹೆಸರು ಮಿಲ್‌ವಾಲ್. ಥೇಮ್ಸ್ ನದಿಯ ತಿರುವಿನಲ್ಲಿರುವ ಐಲ್ ಆಫ್ ಡಾಗ್ಸ್ ಎಂಬಲ್ಲಿ, ಮಾರ್ಟನ್ ಜ್ಯಾಮ್ ಕಾರ್ಖಾನೆಯ ಕಾರ್ಮಿಕರು 1885ರಲ್ಲಿ ಕಟ್ಟಿದ ಕ್ಲಬ್ ಇದು. 1910ರಲ್ಲಿ ನದಿಯ ದಕ್ಷಿಣ ದಂಡೆಯ ನ್ಯೂ ಕ್ರಾಸ್ ಪ್ರದೇಶಕ್ಕೆ ಬಂದು ನೆಲೆಸಿತು. ಸಿಂಹ ಅದರ ಲಾಂಛನ. ಕ್ರೀಡಾಂಗಣದ ಹೆಸರು ಡೆನ್, ಅಂದರೆ ಗುಹೆ. ಹಡಗುಕಟ್ಟೆಯ ಕೂಲಿಗಳು ಶನಿವಾರದ ಪಾಳಿ ಮುಗಿಸಿ ನೇರವಾಗಿ ಬಂದು ನಿಲ್ಲುತ್ತಿದ್ದ ಆ ಗುಹೆಯನ್ನು ಪ್ರೇಕ್ಷಕರ ದುರ್ವರ್ತನೆಗಾಗಿ ಫುಟ್‌ಬಾಲ್ ಸಂಘ 1920ರಿಂದ 1978ರವರೆಗೆ ಐದು ಬಾರಿ ಮುಚ್ಚಿಸಿತು. ಪತ್ರಿಕೆಯ ಹಾಳೆಗಳನ್ನು ಬಿಗಿಯಾಗಿ ಮಡಿಸಿ ಮಾಡಿಕೊಳ್ಳುವ ಆಯುಧಕ್ಕೆ ಮಿಲ್‌ವಾಲ್ ಇಟ್ಟಿಗೆ ಎಂಬ ಹೆಸರೇ ರೂಢಿಗೆ ಬಂದಿತು. 1977ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಮಿಲ್‌ವಾಲ್‌ನ ಪುಂಡರನ್ನೇ ವಸ್ತುವಾಗಿಸಿಕೊಂಡು ದೇಶದ ಮನೆಮನೆಗೂ ತಲುಪಿಸಿತು. ಆ ವೇಳೆಗೆ ಬೇರೆ ಕ್ಲಬ್ಬುಗಳಲ್ಲೂ ಅಂಥ ಗುಂಪುಗಳಿದ್ದವು. ಆದರೆ ಕ್ಯಾಮೆರಾ ಬಂದದ್ದು ಇಲ್ಲಿಗೆ.

1985ರ ಮಾರ್ಚ್ 13ರ ರಾತ್ರಿ ಲೂಟನ್ ಪಟ್ಟಣದ ಕೆನಿಲ್‌ವರ್ತ್ ರೋಡ್ ಕ್ರೀಡಾಂಗಣದಲ್ಲಿ ಎಫ್‌ಎ ಕಪ್ಪಿನ ಕ್ವಾರ್ಟರ್ ಫೈನಲ್. ಪ್ರವಾಸಿ ತಂಡ ಮಿಲ್‌ವಾಲ್. ಕಿಕ್ಕಿರಿದ ನಿಲುಗಟ್ಟೆಗಳಿಂದ ಜನ ಮೈದಾನಕ್ಕೆ ನುಗ್ಗಿದರು. ಮಿಲ್‌ವಾಲ್‌ನ ಮ್ಯಾನೇಜರ್ ಜಾರ್ಜ್ ಗ್ರಹಾಂ ಬೇಡಿಕೊಂಡರೂ ಪ್ರಯೋಜನವಾಗಲಿಲ್ಲ. ಪಂದ್ಯ ಹೇಗೋ ಮುಗಿದು ಲೂಟನ್ ಒಂದು ಗೋಲಿನಿಂದ ಗೆದ್ದಿತು. ಅನಂತರ ಕಿತ್ತ ಕಿತ್ತಲೆ ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳು ಪೊಲೀಸರ ಮೇಲೆ ಹಾರತೊಡಗಿದವು. ಗಾಯಗೊಂಡವರು ಸುಮಾರು 80 ಮಂದಿ. ಬಂಧಿತರಾದವರಲ್ಲಿ ಅನೇಕರು ಮಿಲ್‌ವಾಲ್ ಅಲ್ಲದ ಬೇರೆ ಕ್ಲಬ್ಬುಗಳ ಬೆಂಬಲಿಗರೆಂದು ಆಮೇಲೆ ತಿಳಿಯಿತು. ಆದರೆ ಆ ರಾತ್ರಿಯ ದೃಶ್ಯಗಳಿಗೆ ಟೆಲಿವಿಷನ್ ಕೊಟ್ಟ ಹೆಸರು ಒಂದೇ. ಆ ಹೆಸರು ಬದಲಾಗಲಿಲ್ಲ.

ಪೆಟ್ಟು ತಿಂದ ಲೂಟನ್ ಕ್ಲಬ್ಬಿನ ಪ್ರತಿಕ್ರಿಯೆಯೂ ಇಲ್ಲಿ ಪ್ರಸ್ತುತ. ಅದರ ಅಧ್ಯಕ್ಷ ಡೇವಿಡ್ ಇವಾನ್ಸ್ 1986ರಿಂದ ಪರವೂರಿನ ಬೆಂಬಲಿಗರೆಲ್ಲರಿಗೂ ಬಾಗಿಲು ಮುಚ್ಚಿ, ಸದಸ್ಯತ್ವದ ಕಾರ್ಡು ಇದ್ದವರನ್ನು ಮಾತ್ರ ಒಳಗೆ ಬಿಡುವ ಪದ್ಧತಿ ತಂದರು. ನಾಲ್ಕು ಋತುಗಳ ಕಾಲ ಅದು ಜಾರಿಯಲ್ಲಿತ್ತು. ಇತರರಿಗೆ ಪ್ರವೇಶ ನಿರಾಕರಿಸಿದ ಕಾರಣಕ್ಕೆ ಆ ವರ್ಷದ ಲೀಗ್ ಕಪ್ಪಿನಿಂದಲೇ ಲೂಟನ್ ಹೊರಬಿದ್ದಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರ ದೇಶದ ಪ್ರತಿಯೊಬ್ಬ ಪ್ರೇಕ್ಷಕನಿಗೂ ಗುರುತಿನ ಚೀಟಿ ಕಡ್ಡಾಯಗೊಳಿಸಲು ಯೋಚಿಸಿತು. ಫುಟ್‌ಬಾಲ್ ನೋಡಲು ಬರುವವನು ಮೊದಲು ತಾನು ಅಪರಾಧಿಯಲ್ಲವೆಂದು ಸಾಬೀತುಪಡಿಸಬೇಕು ಎಂಬ ಮನೋಭಾವ ಆಡಳಿತದಲ್ಲಿ ಬೇರೂರಿತು. ಚೆಲ್ಸಿ ಕ್ಲಬ್ಬಿನ ಮಾಲೀಕ ಕೆನ್ ಬೇಟ್ಸ್ ಅದೇ 1985ರಲ್ಲಿ ಮೈದಾನದ ಸುತ್ತ ವಿದ್ಯುತ್ ಬೇಲಿಯನ್ನೇ ಹಾಕಿಸಿದರು. ಲಂಡನ್ನಿನ ಸ್ಥಳೀಯ ಆಡಳಿತ ಅದಕ್ಕೆ ವಿದ್ಯುತ್ ಹರಿಸಲು ಒಪ್ಪಲಿಲ್ಲ ಎಂಬುದೊಂದೇ ಸಮಾಧಾನ.

ಮಿಲ್‌ವಾಲ್ ಬೆಂಬಲಿಗರಾದರೋ ಬೇರೊಂದು ದಾರಿ ಹಿಡಿದರು. ತೊಳೆಯಲಾಗದ ಮಸಿಯನ್ನು ತಿಲಕವಾಗಿ ಇಟ್ಟುಕೊಂಡರು. ಜಗತ್ತಿನ ತಿರಸ್ಕಾರವನ್ನೇ ಹೆಮ್ಮೆಯಾಗಿಸಿ ಅವರು ಕಟ್ಟಿದ ಹಾಡು ಇಂದಿಗೂ ಡೆನ್‌ನಲ್ಲಿ ಮೊಳಗುತ್ತದೆ. ಸಮಾಜಶಾಸ್ತ್ರಜ್ಞ ಗ್ಯಾರಿ ರಾಬ್ಸನ್ ಮಿಲ್‌ವಾಲ್ ಬೆಂಬಲಿಗರನ್ನು ಕುರಿತು 2000ದಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಆ ಹಾಡಿನ ಸಾಲೇ ಶೀರ್ಷಿಕೆ. ಇದರಲ್ಲಿ ಒಂದು ಬಗೆಯ ಸ್ವಾಭಿಮಾನವಿದೆ, ಒಂದು ಬಗೆಯ ಅಪಾಯವೂ ಇದೆ. ಅಪಕೀರ್ತಿಯನ್ನು ಆಭರಣವಾಗಿ ಧರಿಸಿದ ಮನೆಗೆ ಅದನ್ನು ಮೆಚ್ಚುವವರೇ ಹುಡುಕಿಕೊಂಡು ಬರುತ್ತಾರೆ. 2002ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ ವಿರುದ್ಧ ಸೋತ ರಾತ್ರಿ ಡೆನ್‌ನ ಹೊರಗಿನ ಬೀದಿಗಳಲ್ಲಿ ನಡೆದ ದಾಳಿಯಲ್ಲಿ ಪೊಲೀಸರೂ ಅವರ ಕುದುರೆಗಳೂ ಗಾಯಗೊಂಡವು. 2013ರ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ, ವೆಂಬ್ಲಿಯಲ್ಲಿ, ಮಿಲ್‌ವಾಲ್ ಬೆಂಬಲಿಗರು ತಮ್ಮ ತಮ್ಮೊಳಗೇ ಹೊಡೆದಾಡಿಕೊಂಡರು. ಪ್ರತಿ ಸಲವೂ ಪತ್ರಿಕೆಗಳು ಲೂಟನ್ನಿನ ಕುರ್ಚಿಗಳನ್ನು ನೆನೆದವು. ದಶಕಗಳಿಂದ ಆ ಕ್ಲಬ್ ತನ್ನ ಬಡಾವಣೆಯ ಮಕ್ಕಳ ನಡುವೆ ನಡೆಸಿಕೊಂಡು ಬಂದಿರುವ ಸಮುದಾಯದ ಕೆಲಸವಾಗಲಿ, ಲ್ಯೂಯಿಶ್ಯಾಮ್ ಆಸ್ಪತ್ರೆಯನ್ನು ಉಳಿಸುವ ಚಳವಳಿಗೆ ಅದು ನೀಡಿದ ಬೆಂಬಲವಾಗಲಿ ಆ ಸ್ಮೃತಿಯನ್ನು ಅಳಿಸಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮ್ಯಾಂಚೆಸ್ಟರ್ ಯುನೈಟೆಡ್ ಎರಡನೆಯ ದರ್ಜೆಗೆ ಇಳಿದ 1974-75ರ ಋತುವಿನಲ್ಲಿ ಅದರ ಬೆಂಬಲಿಗರು ಊರೂರಿನಲ್ಲಿ ಹಬ್ಬಿಸಿದ ಭಯ ಅಲ್ಪವಾದುದಲ್ಲ. ಚೆಲ್ಸಿಯ ಹೆಡ್‌ಹಂಟರ್ಸ್ ಗುಂಪಿಗೆ ಉಗ್ರ ಬಲಪಂಥೀಯರೊಡನೆ ನಂಟಿತ್ತು. ಆದರೂ ಇಂದು ಆ ಹೆಸರುಗಳನ್ನು ಕೇಳಿದಾಗ ಜಗತ್ತಿಗೆ ನೆನಪಾಗುವುದು ಟ್ರೋಫಿಗಳು, ಕೋಟ್ಯಂತರ ಪೌಂಡುಗಳ ಆಟಗಾರರು. ಮಿಲ್‌ವಾಲ್ ಎಂದಾಗ ಮಾತ್ರ ಹಾರುವ ಕುರ್ಚಿ ನೆನಪಾಗುವುದೇಕೆ? 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿ, ಟೆಲಿವಿಷನ್ನಿನ ಹಣ ಹರಿದುಬಂದು, ನಿಲುಗಟ್ಟೆಗಳ ಜಾಗದಲ್ಲಿ ದುಬಾರಿ ಆಸನಗಳು ಬಂದ ಮೇಲೆ ದೊಡ್ಡ ಕ್ಲಬ್ಬುಗಳಿಗೆ ಹೊಸ ಚರಿತ್ರೆ ದೊರೆಯಿತು. ಗೆಲುವು ಹಳೆಯ ಕಲೆಗಳ ಮೇಲೆ ಬಳಿದ ಸುಣ್ಣವಾಯಿತು. ಆ ಸುಣ್ಣ ಕೊಳ್ಳಲು ಹಣವಿಲ್ಲದ ಕ್ಲಬ್ಬಿನ ಗೋಡೆಯ ಮೇಲೆ ಮಸಿ ಹಾಗೆಯೇ ಉಳಿಯಿತು. ಸುಣ್ಣದ ಕೆಳಗೆ ಗೋಡೆ ಹಳೆಯದೇ ಎಂಬುದು 2015ರ ಫೆಬ್ರವರಿಯಲ್ಲಿ ತಿಳಿಯಿತು. ಪ್ಯಾರಿಸಿನ ಮೆಟ್ರೋ ರೈಲಿನಿಂದ ಕಪ್ಪುವರ್ಣದ ಪ್ರಯಾಣಿಕನೊಬ್ಬನನ್ನು ಚೆಲ್ಸಿ ಬೆಂಬಲಿಗರು ಹೊರದಬ್ಬಿದ ದೃಶ್ಯವನ್ನು ಜಗತ್ತು ನೋಡಿತು. ಕ್ಲಬ್ ಕ್ಷಮೆ ಕೇಳಿತು, ತಪ್ಪಿತಸ್ಥರಿಗೆ ಶಿಕ್ಷೆಯಾಯಿತು. ಆದರೆ ಅದು ಚೆಲ್ಸಿಯ ಹೆಸರಿನ ಶಾಶ್ವತ ವಿಶೇಷಣವಾಗಲಿಲ್ಲ. ಕೀರ್ತಿಯ ಪೇಟೆಯಲ್ಲೂ ಬಡವನ ಸಾಲಕ್ಕೆ ಬಡ್ಡಿ ಹೆಚ್ಚು.

ಈ ಲೆಕ್ಕದ ಅತ್ಯಂತ ದಾರುಣ ಅಧ್ಯಾಯ ಲಿವರ್‌ಪೂಲ್ ಕ್ಲಬ್ಬಿನದು. 1985ರ ಮೇ 29ರಂದು ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದ ಹೇಸಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ಇಟಲಿಯ ಯುವೆಂಟಸ್ ತಂಡಗಳ ನಡುವೆ ಯುರೋಪಿಯನ್ ಕಪ್ಪಿನ ಅಂತಿಮ ಪಂದ್ಯ ಗೊತ್ತಾಗಿತ್ತು. ಆಟ ಆರಂಭವಾಗುವ ಮೊದಲೇ ಲಿವರ್‌ಪೂಲ್ ಬೆಂಬಲಿಗರ ಗುಂಪು ಪಕ್ಕದ ಝಡ್ ವಿಭಾಗಕ್ಕೆ ನುಗ್ಗಿತು. ಅಲ್ಲಿದ್ದವರಲ್ಲಿ ಬಹುಮಂದಿ ಇಟಾಲಿಯನ್ನರು. ಓಡಿ ಮೂಲೆಗೆ ಒತ್ತರಿಸಿದ ಜನರ ಭಾರಕ್ಕೆ ಶಿಥಿಲವಾದ ಗೋಡೆ ಕುಸಿಯಿತು. ಸತ್ತವರು 39, ಅವರಲ್ಲಿ 32 ಮಂದಿ ಇಟಾಲಿಯನ್ನರು. ಕ್ರೀಡಾಂಗಣ ಹಳೆಯದಾಗಿತ್ತು, ಪೊಲೀಸ್ ವ್ಯವಸ್ಥೆ ಸಾಲದಾಗಿತ್ತು, ಟಿಕೆಟ್ ಹಂಚಿಕೆ ತಪ್ಪಾಗಿತ್ತು ಎಂಬುದೆಲ್ಲ ನಿಜ. ಆದರೆ ಆ ನುಗ್ಗಾಟ ನಡೆಯದಿದ್ದರೆ ಅವರು ಸಾಯುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಇಂಗ್ಲೆಂಡಿನ ಎಲ್ಲ ಕ್ಲಬ್ಬುಗಳಿಗೂ ಯುರೋಪಿನ ಬಾಗಿಲು ಐದು ವರ್ಷ ಮುಚ್ಚಿತು. ಲಿವರ್‌ಪೂಲ್‌ಗೆ ಇನ್ನೊಂದು ವರ್ಷ ಹೆಚ್ಚು. ಅದೇ ಊರಿನ ಎವರ್ಟನ್ ತಂಡ ಆ ವರ್ಷದ ಇಂಗ್ಲಿಷ್ ಚಾಂಪಿಯನ್. ಹೇಸಲ್‌ಗಿಂತ ಕೇವಲ ಎರಡು ವಾರ ಮೊದಲು, ಮೇ 15ರಂದು, ರೋಟರ್‌ಡ್ಯಾಮಿನಲ್ಲಿ ಕಪ್ ವಿನ್ನರ್ಸ್ ಕಪ್ ಗೆದ್ದಾಗ ಅದರ ಬೆಂಬಲಿಗರು ಸಭ್ಯ ನಡತೆಗಾಗಿ ಹೊಗಳಿಕೆ ಪಡೆದಿದ್ದರು. ಆ ತಂಡ ಯುರೋಪಿಯನ್ ಕಪ್ ಆಡಲಾಗದೆ ಉಳಿಯಿತು. ಅಡಿಕೆ ಯಾರದೋ, ಆನೆ ಯಾರದೋ.

ನಾಲ್ಕು ವರ್ಷಗಳ ನಂತರ, 1989ರ ಏಪ್ರಿಲ್ 15ರಂದು, ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ಎಫ್‌ಎ ಕಪ್ ಸೆಮಿಫೈನಲ್. ಹೊರಗಿನ ನೂಕುನುಗ್ಗಲನ್ನು ಕಡಿಮೆ ಮಾಡಲು ಪೊಲೀಸರು ನಿರ್ಗಮನದ ಬಾಗಿಲೊಂದನ್ನು ತೆರೆಸಿದರು. ಒಳಹೊಕ್ಕ ಜನರನ್ನು ಖಾಲಿಯಿದ್ದ ಬದಿಗಳತ್ತ ತಿರುಗಿಸದೆ, ಆಗಲೇ ತುಂಬಿದ್ದ ನಡುವಿನ ಆವರಣಗಳಿಗೆ ಹೋಗಬಿಟ್ಟರು. ಆ ಆವರಣಗಳ ಮುಂದೆ ಎತ್ತರದ ಉಕ್ಕಿನ ಬೇಲಿಗಳಿದ್ದವು. ಗಲಭೆಕೋರರು ಮೈದಾನಕ್ಕೆ ನುಗ್ಗದಿರಲೆಂದು ಹಿಂದಿನ ದಶಕದಲ್ಲಿ ದೇಶದ ಕ್ರೀಡಾಂಗಣಗಳಲ್ಲೆಲ್ಲ ಎದ್ದ ಬೇಲಿಗಳವು. ಉಸಿರುಗಟ್ಟಿದವರು ಬೇಲಿ ಏರತೊಡಗಿದಾಗ ಪೊಲೀಸರ ಕಣ್ಣಿಗೆ ಮೊದಲು ಕಂಡದ್ದು ಸಾಯುತ್ತಿರುವ ಮನುಷ್ಯರಲ್ಲ, ಮೈದಾನಕ್ಕೆ ನುಗ್ಗುತ್ತಿರುವ ಪುಂಡರು. ನಾಯಿಗಳನ್ನು ಕರೆತರಲು ಸೂಚನೆ ಹೋಯಿತು. ಎದುರು ಬದಿಯ ಬೆಂಬಲಿಗರತ್ತ ಯಾರೂ ಹೋಗದಂತೆ ಮೈದಾನಕ್ಕೆ ಅಡ್ಡಲಾಗಿ ಪೊಲೀಸರ ಸಾಲು ನಿಂತಿತು. ಆ ದುರಂತದಿಂದ ಸತ್ತವರು 97. ಅವರಲ್ಲಿ ಕೊನೆಯವರು ತೀರಿಕೊಂಡದ್ದು 2021ರಲ್ಲಿ.

ಆ ದಿನದ ಪೊಲೀಸ್ ಮುಖ್ಯಸ್ಥ ಡೇವಿಡ್ ಡಕನ್‌ಫೀಲ್ಡ್, ಬೆಂಬಲಿಗರೇ ಬಾಗಿಲನ್ನು ಬಲವಂತವಾಗಿ ತೆರೆದರೆಂದು ಹೇಳಿದರು. ಅದು ಸುಳ್ಳೆಂದು ಅವರು ಒಪ್ಪಿಕೊಂಡದ್ದು 2015ರಲ್ಲಿ. ನಾಲ್ಕು ದಿನಗಳ ನಂತರ ಸನ್ ಪತ್ರಿಕೆ, ಬೆಂಬಲಿಗರು ಶವಗಳ ಜೇಬಿಗೆ ಕೈಹಾಕಿದರೆಂದು ಮುಖಪುಟದಲ್ಲಿ ಸತ್ಯವೆಂಬ ಶೀರ್ಷಿಕೆಯಡಿ ಅಚ್ಚು ಮಾಡಿತು. ಅದೇ ತಿಂಗಳ ಕೊನೆಯಲ್ಲಿ ಬೆಲ್ಜಿಯಂನ ನ್ಯಾಯಾಲಯ ಹೇಸಲ್ ಸಾವುಗಳಿಗಾಗಿ 14 ಮಂದಿ ಲಿವರ್‌ಪೂಲ್ ಬೆಂಬಲಿಗರನ್ನು ತಪ್ಪಿತಸ್ಥರೆಂದು ಘೋಷಿಸಿತು. ಹೇಸಲ್ ನೆನಪಿದ್ದ ದೇಶಕ್ಕೆ ಹಿಲ್ಸ್‌ಬರೋ ಸುಳ್ಳನ್ನು ನಂಬಲು ಸಾಕ್ಷ್ಯ ಬೇಕಾಗಲಿಲ್ಲ. ಪೊಲೀಸರ ನಿಯಂತ್ರಣ ತಪ್ಪಿದ್ದೇ ಮುಖ್ಯ ಕಾರಣವೆಂದು ನ್ಯಾಯಮೂರ್ತಿ ಟೇಲರ್ ಆ ವರ್ಷವೇ ವರದಿ ಕೊಟ್ಟರೂ ಸುಳ್ಳು ಬದುಕಿಕೊಂಡಿತು. ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತೆಂದು 2012ರಲ್ಲಿ ಸ್ವತಂತ್ರ ಸಮಿತಿ ಬಯಲು ಮಾಡಿತು. ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು, ಬೆಂಬಲಿಗರ ತಪ್ಪೇನೂ ಇರಲಿಲ್ಲ ಎಂದು ತೀರ್ಪುಗಾರರು ಹೇಳಿದ್ದು 2016ರಲ್ಲಿ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು 27 ವರ್ಷ ಹೋರಾಡಬೇಕಾದುದು ಸತ್ತವರ ಹೆಸರಿಗೆ ಅಂಟಿದ ಕಳಂಕವನ್ನು ತೊಡೆಯಲು. ಅಷ್ಟರಲ್ಲಿ ಅವರಲ್ಲಿ ಹಲವರು ತಾವೇ ಕಾಲವಾಗಿದ್ದರು.

ಅಪಕೀರ್ತಿಯ ನಿಜವಾದ ಅಪಾಯ ಇಲ್ಲಿದೆ. ಕೆಟ್ಟ ಹೆಸರು ಹೊತ್ತವನನ್ನು ಜನ ದೂರವಿಡುತ್ತಾರೆ ಎಂಬುದು ಚಿಕ್ಕ ನಷ್ಟ. ಅವನು ಸಹಾಯಕ್ಕಾಗಿ ಕೂಗಿದಾಗ ಅದು ಬೆದರಿಕೆಯಾಗಿ ಕೇಳಿಸುತ್ತದೆ. ಅವನ ಮೇಲೆ ಹೊರಿಸಿದ ಸುಳ್ಳಿಗೆ ಯಾರೂ ಆಧಾರ ಕೇಳುವುದಿಲ್ಲ. ಇದು ಹಿಲ್ಸ್‌ಬರೋಗೆ ಮುಗಿಯಲಿಲ್ಲ. 2022ರ ಮೇ 28ರಂದು ಪ್ಯಾರಿಸಿನ ಹೊರವಲಯದ ಸ್ಟಾಡ್ ದ ಫ್ರಾನ್ಸ್‌ನಲ್ಲಿ ಲಿವರ್‌ಪೂಲ್ ಮತ್ತು ರಿಯಲ್ ಮ್ಯಾಡ್ರಿಡ್ ನಡುವೆ ಚಾಂಪಿಯನ್ಸ್ ಲೀಗ್ ಫೈನಲ್. ಬಾಗಿಲುಗಳ ಮುಂದೆ ಸಾವಿರಾರು ಜನ ಸಿಕ್ಕಿಬಿದ್ದರು. ಮಕ್ಕಳಿದ್ದ ಸಾಲುಗಳ ಮೇಲೂ ಅಶ್ರುವಾಯು ಬಿತ್ತು. ಪಂದ್ಯ ಅರ್ಧ ಗಂಟೆಗೂ ಹೆಚ್ಚು ತಡವಾಯಿತು. ಬೆಂಬಲಿಗರು ತಡವಾಗಿ ಬಂದದ್ದೇ ಕಾರಣವೆಂದು ಕ್ರೀಡಾಂಗಣದ ಪರದೆಯ ಮೇಲೆ ಪ್ರಕಟಣೆ ಮೂಡಿತು. ಸಾವಿರಾರು ಲಿವರ್‌ಪೂಲ್ ಬೆಂಬಲಿಗರು ನಕಲಿ ಟಿಕೆಟ್ಟುಗಳೊಡನೆ, ಇಲ್ಲವೇ ಟಿಕೆಟ್ಟೇ ಇಲ್ಲದೆ ಬಂದರೆಂದು ಫ್ರಾನ್ಸಿನ ಗೃಹಮಂತ್ರಿ ಜೆರಾಲ್ಡ್ ದಾರ್ಮನಾನ್ ಆರೋಪಿಸಿದರು. ಫ್ರೆಂಚ್ ಸೆನೆಟ್ಟಿನ ತನಿಖೆ ಅದನ್ನು ಒಪ್ಪಲಿಲ್ಲ. 2023ರ ಫೆಬ್ರವರಿಯಲ್ಲಿ ಹೊರಬಂದ ಸ್ವತಂತ್ರ ಪರಿಶೀಲನಾ ವರದಿ, ಮುಖ್ಯ ಹೊಣೆ ಪಂದ್ಯದ ಸಂಘಟಕರಾದ ಯುಇಎಫ್‌ಎ ಸಂಸ್ಥೆಯದೇ ಎಂದಿತು. ಸಾಮೂಹಿಕ ಸಾವು ಕೂದಲೆಳೆಯಲ್ಲಿ ತಪ್ಪಿತ್ತು. ಅಂದು ಆ ಸಾಲಿನಲ್ಲಿ ನಿಂತಿದ್ದ ಅನೇಕರು ಹೇಸಲ್ ನಡೆದಾಗ ಹುಟ್ಟಿರಲಿಲ್ಲ.

ಹಾಗಾದರೆ ಕ್ಲಬ್ಬುಗಳ ಹೆಸರಿನಿಂದ ಹಳೆಯದನ್ನೆಲ್ಲ ಅಳಿಸಿಬಿಡುವುದೇ ನ್ಯಾಯವೇ? ಅದಕ್ಕೆ ಉತ್ತರ 2005ರ ಏಪ್ರಿಲ್ 5ರ ಸಂಜೆಯಲ್ಲಿದೆ. ಹೇಸಲ್ ನಂತರ ಲಿವರ್‌ಪೂಲ್ ಮತ್ತು ಯುವೆಂಟಸ್ ಮೊದಲ ಬಾರಿಗೆ ಮುಖಾಮುಖಿಯಾದದ್ದು ಅಂದು, ಲಿವರ್‌ಪೂಲ್‌ನ ಆನ್‌ಫೀಲ್ಡ್ ಅಂಗಳದಲ್ಲಿ. ಕಾಪ್ ಎಂದು ಹೆಸರಾದ ಗ್ಯಾಲರಿಯಲ್ಲಿ ಸಾವಿರಾರು ಜನ ಬಣ್ಣದ ಹಲಗೆಗಳನ್ನು ಎತ್ತಿಹಿಡಿದು ಅಮಿಚಿತ್ಸಿಯಾ ಎಂಬ ಪದವನ್ನು ಮೂಡಿಸಿದರು. ಇಟಾಲಿಯನ್ ಭಾಷೆಯಲ್ಲಿ ಅದರ ಅರ್ಥ ಗೆಳೆತನ. ಯುವೆಂಟಸ್ ಬೆಂಬಲಿಗರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಹಲವರು ಮೌನವಾಗಿ ಬೆನ್ನು ತಿರುಗಿಸಿ ನಿಂತರು. ಆ ಬೆನ್ನುಗಳಿಗೂ ಹಕ್ಕಿತ್ತು. ಹಲಗೆ ಹಿಡಿದ ಕೈಗಳು ಯಾರನ್ನೂ ಕೊಂದಿರಲಿಲ್ಲ. ಆದರೂ ಅವು ಕ್ಷಮೆ ಕೇಳಿದವು. 2010ರಲ್ಲಿ ಆನ್‌ಫೀಲ್ಡಿನ ಗೋಡೆಯ ಮೇಲೆ ಹೇಸಲ್‌ನಲ್ಲಿ ಸತ್ತವರ ಸ್ಮರಣ ಫಲಕವೂ ಏರಿತು.

ಸಾಮೂಹಿಕ ಹೆಸರನ್ನು ಹೊತ್ತವರು ಮಾಡಬಹುದಾದದ್ದು ಬಹುಶಃ ಇಷ್ಟೇ: ತಮ್ಮ ಹೆಸರಿನಲ್ಲಿ ನಡೆದದ್ದನ್ನು ತಾವು ಮಾಡದಿದ್ದರೂ ನೆನಪಿಟ್ಟುಕೊಳ್ಳುವುದು. ಹೊರಗೆ ನಿಂತು ನೋಡುವವರ ಕರ್ತವ್ಯ ಇದಕ್ಕೆ ಪೂರಕವಾದುದು: ಹಳೆಯ ಹೆಸರನ್ನು ಹೊಸ ಆರೋಪಕ್ಕೆ ಸಾಕ್ಷ್ಯವೆಂದು ಬಗೆಯದಿರುವುದು. ಮೊದಲನೆಯದನ್ನು ಆನ್‌ಫೀಲ್ಡಿನ ಸಾಮಾನ್ಯ ಪ್ರೇಕ್ಷಕರು ಇಪ್ಪತ್ತು ವರ್ಷಗಳಲ್ಲಿ ಕಲಿತರು. ಎರಡನೆಯದನ್ನು ಪೊಲೀಸರು, ಪತ್ರಿಕೆಗಳು, ಮಂತ್ರಿಗಳು ಇನ್ನೂ ಕಲಿಯಬೇಕಾಗಿದೆ.